ಧರೆಯಿಲ್ಲದ ಬಯಲು



ನಮ್ಮೂರು ಕೊಕ್ಕನೂರು. ಹರಿಹರ ತಾಲ್ಲೂಕು, ಮಲೇಬೆನ್ನೂರಿನ ಮಗ್ಗುಲು. ಹೊರಗಿನವರಿಗೆ ಈ ಊರು ಗೊತ್ತಿದ್ದರೆ ಆಂಜನೇಯ ಸ್ವಾಮಿಯಿಂದ ಗೊತ್ತು. ನಮಗೆ ಅದು ಭತ್ತದ ಊರು. ಭದ್ರಾ ಡ್ಯಾಮಿನ ನೀರು 186 ಅಡಿ ಮುಟ್ಟಿತೋ ಇಲ್ಲವೋ ಅನ್ನುವುದೇ ನಮ್ಮ ಪಂಚಾಂಗ. ಅದನ್ನು ನೋಡಿಕೊಂಡೇ ಮಗಳ ಮದುವೆ, ಸೊಸೈಟಿ ಸಾಲ, ಟ್ರ್ಯಾಕ್ಟರಿನ ಕಂತು. ಊರ ಹೆಸರಿನಲ್ಲೇ ಒಂದು ಕೊಕ್ಕು ಕೇಳಿಸುತ್ತದೆ. ಚಾನಲ್‌ಗೆ ನೀರು ಬಿಟ್ಟು, ಗದ್ದೆ ಕೆಸರಾಗಿ, ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಸಾಲುಗಟ್ಟಿದ ದಿನ ಬಂದು ನೋಡಿದರೆ ಹೆಸರಿಟ್ಟವರ ಮೇಲೆ ನಿಮಗೂ ಪ್ರೀತಿ ಬರುತ್ತದೆ.

ಇವತ್ತು ನಾನು ಮಾತಾಡುವುದು ಬಂದೂಕಿನ ಬಗ್ಗೆ. ಭತ್ತದ ಊರಿನ ನಿವೃತ್ತ ವಿಜ್ಞಾನ ಮೇಷ್ಟ್ರಿಗೂ ಬಂದೂಕಿಗೂ ಎಲ್ಲಿಯ ನಂಟು ಅನ್ನುತ್ತೀರಿ. ನಂಟು ನಾನು ಮಾಡಿಕೊಂಡದ್ದಲ್ಲ, ಬದು ದಾಟಿ ತಾನಾಗಿ ಬಂದದ್ದು.

ಬೇಸಿಗೆ ನಾಟಿ ನಡೆದಿತ್ತು. ಭಾನುವಾರ. ಹನ್ನೊಂದು ಜನ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಸಸಿ ಊರುತ್ತಿದ್ದರು. ನಾನು ಬದುವಿನ ಮೇಲೆ ಸಸಿಯ ಕಟ್ಟು ಎಸೆಯುತ್ತಿದ್ದೆ. ದೂರದಲ್ಲಿ ಟಪ್, ಟಪ್ ಅಂತ ಸಣ್ಣ ಸದ್ದು ಕೇಳುತ್ತಿತ್ತು. ಹಕ್ಕಿ ಓಡಿಸಲು ಯಾರೋ ತಗಡು ಬಡಿಯುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಸಾಲಿನ ತುದಿಯಲ್ಲಿದ್ದ ಅಜ್ಜಿ ಮೊಣಕೈ ಹಿಡಿದುಕೊಂಡು ಸೆಟೆದು ನಿಂತಳು. "ಮೇಷ್ಟ್ರೇ, ಏನೋ ಕಡೀತು ನೋಡ್ರಿ, ಕಡಜದಂಗೆ." ಹೋಗಿ ನೋಡಿದರೆ ಕಡಲೆಯಷ್ಟು ಕೆಂಪು ಗುಳ್ಳೆ. ಕಡಜ ಎಲ್ಲೂ ಕಾಣಲಿಲ್ಲ. ಅದೇ ಹೊತ್ತಿಗೆ ನನ್ನ ಕಣ್ಣೆದುರೇ ಗದ್ದೆಯ ನೀರಿನ ಮೇಲೆ ಏನೋ ಚಿಮ್ಮಿ, ಎರಡು ಮಾರು ಮುಂದೆ ಮತ್ತೆ ಚಿಮ್ಮಿ, ಸುಯ್ ಅಂತ ಬದು ಹಾರಿ ಹೋಯಿತು.

ತಲೆ ಎತ್ತಿದೆ. ಮಗ್ಗುಲ ಹೊಲದವರ ಮಗ ಬೆಂಗಳೂರಿನಿಂದ ಬಂದಿದ್ದ, ಜೊತೆಗೆ ಮೂವರು ಗೆಳೆಯರು. ಬದುವಿನ ಮೇಲೆ ಖಾಲಿ ಬಾಟಲಿಗಳ ಸಾಲು. ಕೈಯಲ್ಲಿ ಏರ್‌ಗನ್. ಬಾಟಲಿಗಳ ಹಿಂದೆ, ನೇರಕ್ಕೆ, ನನ್ನ ಗದ್ದೆ. ಗದ್ದೆಯಲ್ಲಿ ಬಗ್ಗಿದ ಹನ್ನೊಂದು ಬೆನ್ನು.

ಆಗ ನಾನು ಮಾಡಿದ್ದೆಲ್ಲ ತಪ್ಪು. ಮೊದಲನೆಯದು, ಮೂವತ್ತೈದು ವರ್ಷ ಮಕ್ಕಳನ್ನು ಗದರಿಸಿದ ಗಂಟಲಿನಲ್ಲಿ ಒಂದೇ ಸಮ ಕೂಗಿದೆ. ಎರಡನೆಯದು, ಕೂಗುತ್ತಾ ಬಾಟಲಿಗಳ ಕಡೆಗೇ ಓಡಿದೆ, ಅಂದರೆ ಗುರಿಯ ನೇರಕ್ಕೆ. ಬಂದೂಕು ಹಿಡಿದವರ ಹತ್ತಿರ ಹೋಗುವುದಾದರೆ ಅವರ ಬೆನ್ನ ಕಡೆಯಿಂದ ಹೋಗಬೇಕು, ದೂರದಲ್ಲೇ ನಿಂತು ಕರೆಯಬೇಕು, ಸಾಧ್ಯವಿದ್ದರೆ ಹೋಗದೆ ಫೋನು ಮಾಡಬೇಕು. ನಾನು ಮಾಡಬೇಕಾಗಿದ್ದ ಮೊದಲ ಕೆಲಸ ಹೆಣ್ಣುಮಕ್ಕಳನ್ನು ಗದ್ದೆಯಿಂದ ಎಬ್ಬಿಸಿ ಪಂಪ್‌ಸೆಟ್ ಮನೆಯ ಆಚೆ ಕೂರಿಸುವುದು. ಅದು ನೆನಪಾಗಿದ್ದು ರಾತ್ರಿ ಊಟದ ಹೊತ್ತಿಗೆ. ಕೋಪಕ್ಕೆ ಬುದ್ಧಿ ಯಾವಾಗಲೂ ಒಂದು ಊಟದಷ್ಟು ತಡ.

ಹುಡುಗರು ಬಂದೂಕು ಇಳಿಸಿದರು, ಅಷ್ಟು ಮಟ್ಟಿಗೆ ಒಳ್ಳೆಯವರು. ಆದರೆ ಒಬ್ಬ ಹೇಳಿದ: "ನಮ್ಮ ಹೊಲದಾಗ ನಾವು ಹೊಡಿತೀವಿ ಅಂಕಲ್, ನಿಮಗೇನು ಕಷ್ಟ?" ಅಂಕಲ್ ಅನ್ನಿಸಿಕೊಂಡ ನೋವು ಒಂದು ಕಡೆ ಇರಲಿ. 'ನಮ್ಮ ಹೊಲ' ಅನ್ನುವ ಆ ಮಾತು ಮಾತ್ರ ತಲೆಯಲ್ಲಿ ಕೂತಿತು. ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ವಾದ ಇಲ್ಲ. ಸರ್ವೆ ನಂಬರು, ಪಹಣಿ, ಬಾಂದು ಕಲ್ಲು ಇಷ್ಟಿದ್ದರೆ ಕೋರ್ಟು ಕಚೇರಿಯಲ್ಲಿ ಮೂರು ತಲೆಮಾರು ಹೋರಾಡುವ ಜನ ನಾವು. ಬಾಂದು ಕಲ್ಲು ಎತ್ತನ್ನು ನಿಲ್ಲಿಸುತ್ತದೆ, ನೇಗಿಲನ್ನು ನಿಲ್ಲಿಸುತ್ತದೆ, ತಮ್ಮನ ಮಗನನ್ನೂ ನಿಲ್ಲಿಸುತ್ತದೆ. ಗುಂಡನ್ನು ನಿಲ್ಲಿಸುತ್ತದೆಯೇ?

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಒಂದು ಎಕರೆಯನ್ನು ಚಚ್ಚೌಕ ಮಾಡಿದರೆ ಒಂದು ಬದಿ ಸುಮಾರು 64 ಮೀಟರ್. ಹತ್ತು ಎಕರೆ ಆದರೆ 200 ಮೀಟರ್. ಇನ್ನು ಗುಂಡಿನ ಕಡೆ ನೋಡೋಣ. ಶಕ್ತಿಯುತ ಏರ್‌ಗನ್‌ಗಳ ಮೇಲೆ ಅನೇಕ ತಯಾರಕರೇ 300, 400 ಗಜದವರೆಗೆ ಅಪಾಯ ಅಂತ ಅಚ್ಚು ಹಾಕಿರುತ್ತಾರೆ. ಹನ್ನೆರಡು ಬೋರಿನ ತೋಟೆ ಕೋವಿಯ ಸಣ್ಣ ಚರೆ 200 ಮೀಟರಿನ ಆಸುಪಾಸಿಗೆ ಸುಸ್ತಾಗುತ್ತದೆ, ಅದೇ ಕೋವಿಯ ದಪ್ಪ ಚರೆ ಅರ್ಧ ಕಿಲೋಮೀಟರ್ ಹೋಗಬಲ್ಲದು. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರೆಲ್ಲ ನೆಲಕ್ಕೆ ಬೋರಲಾಗಿ ಮಲಗಿ ಹೊಡೆದಿರುವ ಪಾಯಿಂಟ್ ಟೂ ಟೂ ರೈಫಲ್ ಇದೆಯಲ್ಲ, ಬೆರಳ ತುದಿಯಷ್ಟು ತೋಟೆ, ಅದರ ಗುಂಡು ತಡೆಯಿಲ್ಲದಿದ್ದರೆ ಸುಮಾರು 2 ಕಿಲೋಮೀಟರ್ ಹೋಗಬಲ್ಲದು. ಅಂಥ ಗುಂಡು ತನ್ನ ಹೊಲದಲ್ಲೇ ಹೊರಟು ತನ್ನ ಹೊಲದಲ್ಲೇ ಬೀಳಬೇಕೆಂದರೆ ಆ ಯಜಮಾನನಿಗೆ ಉದ್ದ 2 ಕಿಲೋಮೀಟರ್, ಅಗಲ 2 ಕಿಲೋಮೀಟರ್, ಒಟ್ಟು 988 ಎಕರೆ ಇರಬೇಕು. ಅಷ್ಟನ್ನು ಒಬ್ಬರ ಹೆಸರಿನಲ್ಲಿ ಇಟ್ಟುಕೊಳ್ಳಲು ಭೂ ಸುಧಾರಣಾ ಕಾಯ್ದೆ ಬಿಡುವುದಿಲ್ಲ. ಅಂದರೆ ಕರ್ನಾಟಕದಲ್ಲಿ 'ನಮ್ಮ ಹೊಲದಲ್ಲಿ ನಾವು ಹೊಡೀತೀವಿ' ಅನ್ನುವ ಮಾತು ಲೆಕ್ಕದಲ್ಲೇ ಫೇಲು.

ಇದರ ಜೊತೆಗೆ ನೀರು. ಚಿಕ್ಕವರಿದ್ದಾಗ ಚಪ್ಪಟೆ ಬಿಲ್ಲೆಕಲ್ಲನ್ನು ಕೆರೆಯ ಮೇಲೆ ಓರೆಯಾಗಿ ಬೀಸಿ ಕಪ್ಪೆಯ ಹಾಗೆ ಜಿಗಿಸದವರು ಯಾರು? ಸೀಸದ ಗುಂಡೂ ಅದೇ ಆಟ ಆಡುತ್ತದೆ. ನೇರವಾಗಿ ಬಿದ್ದರೆ ಮುಳುಗುತ್ತದೆ. ನಾಲ್ಕೈದು ಡಿಗ್ರಿ ಓರೆಯಲ್ಲಿ ಬಂತೋ, ನೀರು ಅದಕ್ಕೆ ಸಿಮೆಂಟಿನ ಹಾಸು. ಹಾಯಿಹಡಗಿನ ಕಾಲದ ಫಿರಂಗಿಯವರು ಬೇಕೆಂದೇ ಸಮುದ್ರದ ಮೇಲೆ ಗುಂಡು ಜಿಗಿಸಿ ಎದುರಾಳಿಯ ಹಡಗಿಗೆ ಹೊಡೆಯುತ್ತಿದ್ದರು. 1943ರ ಮೇ ತಿಂಗಳಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ ಅಣೆಕಟ್ಟನ್ನು ಒಡೆದದ್ದೂ ಜಲಾಶಯದ ನೀರಿನ ಮೇಲೆ ಪುಟಿಯುವ ಬಾಂಬಿನಿಂದ. ನಾಟಿ ಮಾಡಿದ ಗದ್ದೆ ಅಂದರೆ ಮೂರು ಇಂಚು ನೀರಿನ ಕೆರೆ. ನಮ್ಮ ಬಯಲು ಜನವರಿಯಿಂದ ಮಾರ್ಚಿನವರೆಗೆ ಇಂಥ ಸಾವಿರಾರು ಎಕರೆ ಕೆರೆ. ಬಾಟಲಿಗೆ ಗುರಿಯಿಟ್ಟ ಗುಂಡು ತಪ್ಪಿ ನೀರಿಗೆ ಬಿದ್ದರೆ ಕತೆ ಮುಗಿಯಿತು ಅಂತ ಹುಡುಗರು ನಂಬಿದ್ದರು. ಅದು ಅಲ್ಲಿಂದ ಇನ್ನೊಂದು ದಿಕ್ಕು ಹಿಡಿದು ಅಜ್ಜಿಯ ಮೊಣಕೈ ಹುಡುಕಿಕೊಂಡು ಹೋಗಿತ್ತು. ಬಹುಪಾಲು ಬಲ ಕಳೆದುಕೊಂಡಿದ್ದರಿಂದ ಗುಳ್ಳೆಯಲ್ಲೇ ಮುಗಿಯಿತು. ಮೊಣಕೈಯ ಬದಲು ಕಣ್ಣಾಗಿದ್ದರೆ ಅಷ್ಟೇ ಬಲ ಸಾಕಾಗಿತ್ತು.

ನನ್ನ ಹೆಂಡತಿಯ ತವರು ಮಲೆನಾಡಿನ ಕಡೆ, ಕೊಪ್ಪದ ಹತ್ತಿರ. ಮಾವನವರ ಹತ್ತಿರ ಒಂದು ಕೇಪಿನ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸನ್ಸಿನದು. ನಾವು ಬಂದೂಕು ಅನ್ನುವುದನ್ನು ಅವರು ಕೋವಿ ಅನ್ನುತ್ತಾರೆ, ಗುಂಡು ಹೊಡೆಯುವುದನ್ನು ಈಡು ಅನ್ನುತ್ತಾರೆ. ಕೋವಿ ಅವರ ಮನೆಯಲ್ಲಿ ಕತ್ತಿ, ಹಾರೆಗಳ ಜೊತೆಯ ಒಂದು ಸಾಮಾನು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಆಗಲೇ ನೋಡಿ ಹಂದಿಗಳಿಗೂ ಮತದಾನದ ದಿನಾಂಕ ಗೊತ್ತಾಗಿಬಿಡುತ್ತದೆ ಅಂತ ಅವರು ಗೊಣಗುತ್ತಿದ್ದರು. ಒಮ್ಮೆ ಅಳಿಯನ ಹುರುಪಿನಲ್ಲಿ ನಾನೂ ಒಂದು ಈಡು ಹೊಡೆಯುತ್ತೇನೆ ಅಂದೆ. ಮಾವ ಕೋವಿ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಹಿಂದೆ ಧರೆ ಇದೆಯಾ?"

ಧರೆ ಅಂದರೆ ಗೊತ್ತಲ್ಲ, ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ. ಮಲೆನಾಡಿನಲ್ಲಿ ಮನೆಯ ಹಿಂದೆ, ತೋಟದ ಮೇಲೆ, ರಸ್ತೆಯ ಬದಿಗೆ, ಎಲ್ಲೆಲ್ಲೂ ಧರೆ. ಮಳೆಗಾಲದಲ್ಲಿ ಅದೇ ಜರಿದು ಜೀವ ತೆಗೆಯುತ್ತದೆ, ಆ ಮಾತು ಬೇರೆ. ಆದರೆ ಈಡಿನ ಹಿಂದೆ ಧರೆ ಇದ್ದರೆ ಗುಂಡು ಅಲ್ಲೇ ಮಣ್ಣು ಸೇರುತ್ತದೆ. ಗುರಿ ಕಂಡರೆ ಸಾಲದು, ಗುರಿಯ ಹಿಂದೇನಿದೆ ಅನ್ನುವುದು ಕಾಣಬೇಕು ಅನ್ನುವುದು ಅವರ ಕಾನೂನು. ಆ ಕಾನೂನನ್ನು ಮರೆತವರ ಸುದ್ದಿಯನ್ನು ಮಲೆನಾಡಿನ, ಕೊಡಗಿನ ಪುಟಗಳಲ್ಲಿ ನೀವೂ ಓದಿರುತ್ತೀರಿ. ರಾತ್ರಿ ಶಿಕಾರಿಗೆ ಹೋದವರು, ಪೊದೆ ಅಲ್ಲಾಡಿತೆಂದು ಹಂದಿ ಅಂದುಕೊಂಡು ಹೊಡೆದರು, ಹೋಗಿ ನೋಡಿದರೆ ಜೊತೆಗೆ ಬಂದವನೇ.

ಕೋವಿ ಅಂದರೆ ಕೊಡಗು ನೆನಪಾಗದೆ ಇರುವುದಿಲ್ಲ. ದೇಶದಲ್ಲಿ ಎಲ್ಲರಿಗೂ ಲೈಸನ್ಸು ಬೇಕಾದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷರು ಕೊಟ್ಟದ್ದು, 1959ರ ಆಯುಧ ಕಾಯ್ದೆಯ ಅಡಿಯಲ್ಲೂ ಮುಂದುವರಿದದ್ದು. 2019ರಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಇದನ್ನೆಲ್ಲ ಹೇಳುವುದಕ್ಕೆ ಕಾರಣ ಇದೆ. ನಮ್ಮ ಹುಡುಗರು ಯೂಟ್ಯೂಬಿನಲ್ಲಿ ಕೋವಿ ನೋಡುತ್ತಾರೆ, ಕೋವಿಯ ಜೊತೆ ಬೆಳೆದು ಬಂದ ಅಜ್ಜನನ್ನು ನೋಡುವುದಿಲ್ಲ. ಆ ಅಜ್ಜ ಇಲ್ಲದ ಸೀಮೆ ನಮ್ಮದು. ಧರೆಯೂ ಇಲ್ಲ.

ಮೂರು ದಿನ ಬಿಟ್ಟು ಮಗ್ಗುಲ ಹೊಲದ ಗೌಡರ ಮನೆಗೆ ಹೋದೆ. ಅವರನ್ನು ಗೌಡ್ರು ಅಂತಲೇ ಕರೆಯೋಣ, ಊರಲ್ಲಿ ಹತ್ತು ಗೌಡರಿದ್ದಾರೆ. ಮಗನ ಹತ್ತಿರ ಮಾತಿಲ್ಲ, ಅಪ್ಪನ ಹತ್ತಿರ. ಸಂಜೆ ಹೋಗಬಾರದು, ಸಂಜೆಗೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿರುತ್ತಾರೆ, ನಾಲ್ಕು ಜನರೆದುರು ಯಾವ ಗೌಡನೂ ಸೋಲುವುದಿಲ್ಲ. ಬೆಳಿಗ್ಗೆ ಹಾಲು ಹಾಕಿ ಬಂದ ಹೊತ್ತು ನೋಡಿಕೊಂಡು ಹೋದೆ. ಜೇಬಿನಲ್ಲಿ ಬೆಂಕಿಪೊಟ್ಟಣ. ಅದರೊಳಗೆ ಬದುವಿನ ಮಣ್ಣು ಕೆದಕಿ ಹುಡುಕಿದ ಎರಡು ಸೀಸದ ಕಾಳು, ಒಂದು ಚಪ್ಪಟೆಯಾಗಿತ್ತು.

ಚಹಾ ಬಂತು. ನೀರಿನ ಪಾಳಿ, ಗೊಬ್ಬರದ ರೇಟು, ಯಾರದೋ ಮಂಡಿನೋವು ಎಲ್ಲ ಆಯಿತು. ಆಮೇಲೆ ಪೊಟ್ಟಣ ತೆಗೆದು ಅವರ ಅಂಗೈ ಮೇಲೆ ಸುರಿದೆ.

"ಏನ್ರೀ ಇದು?"

"ನಿಮ್ಮ ಹೊಲದ್ದು ಗೌಡ್ರೇ. ನಮ್ಮ ಗದ್ದೆಗೆ ಬಂದಿತ್ತು, ವಾಪಸ್ ಕೊಡಾಣ ಅಂತ ಬಂದೆ."

ಅವರು ಕಾಳನ್ನು ಬೆಳಕಿಗೆ ಹಿಡಿದು ನೋಡಿದರು. "ಹಕ್ಕಿ ಹೊಡಿಯೋ ಗನ್ನು ಮೇಷ್ಟ್ರೇ ಅದು. ಆಟದ್ದು. ಅದಕ್ಕೆ ಲೈಸನ್ಸೂ ಬ್ಯಾಡಂತೆ."

ಆ ಮಾತಿನಲ್ಲಿ ಅರ್ಧ ನಿಜ ಇದೆ, ಅರ್ಧ ತಪ್ಪಿದೆ. ಪಾಯಿಂಟ್ 177, ಅಂದರೆ 4.5 ಮಿಲಿಮೀಟರ್ ಬೋರಿನ, 20 ಜೌಲ್ ಶಕ್ತಿಯೊಳಗಿನ ಏರ್‌ಗನ್‌ಗೆ ನಮ್ಮ ದೇಶದಲ್ಲಿ ಲೈಸನ್ಸ್ ಬೇಡ, ಇದು ನಿಜ. ಆಟದ್ದು ಅನ್ನುವುದೂ ಒಂದರ್ಥದಲ್ಲಿ ನಿಜವೇ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 4.5 ಮಿಲಿಮೀಟರಿನ ಏರ್ ರೈಫಲ್‌ನಲ್ಲಿ. ಆದರೆ ಆ ಆಟ ಹತ್ತು ಮೀಟರ್ ದೂರದ ಗುರಿಗೆ, ನಾಲ್ಕು ಗೋಡೆಯ ಒಳಗೆ. ಹಕ್ಕಿ ಹೊಡೆಯುವುದು ಅನ್ನುವ ಭಾಗ ಪೂರಾ ತಪ್ಪು. ಲೈಸನ್ಸ್ ಬೇಡದ ಗನ್ನಿನಿಂದ ಹೊಡೆದರೂ ಬೆಳ್ಳಕ್ಕಿ ಕಾಡುಹಕ್ಕಿಯೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಅದು ಬೇಟೆಯೇ. ಮೂರು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ನವಿಲಿಗೆ ತಗುಲಿತೋ, ಮೂರರಿಂದ ಏಳು ವರ್ಷ, ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ಕಡೆ ನವಿಲು ಎಷ್ಟು ಅಂತ ಕೊಂಡಜ್ಜಿಯ ಕಡೆ ಹೋಗಿ ಬಂದವರಿಗೆ ಹೇಳಬೇಕಿಲ್ಲ. ಒಂದು ಸಮಾಧಾನ ಅಂದರೆ ಕೋತಿಗಳ ಮೇಲೆ ನಮ್ಮೂರಲ್ಲಿ ಯಾರೂ ಗುರಿಯಿಡುವುದಿಲ್ಲ. ಎಷ್ಟೇ ಮಾವು ಹಾಳಾಗಲಿ, ಹನುಮಪ್ಪನ ಊರಲ್ಲಿ ಅವನ ಬಳಗದ ತಂಟೆಗೆ ಯಾರು ಹೋಗುತ್ತಾರೆ?

ಗೌಡರಿಗೆ ಕಾನೂನು ಹೇಳಲಿಲ್ಲ. ಕಾನೂನು ಮೊದಲು ಎತ್ತಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಅಜ್ಜಿಯ ಮೊಣಕೈ ವಿಷಯ ಹೇಳಿದೆ. ಅವಳು ಅವರ ಗದ್ದೆಗೂ ನಾಟಿಗೆ ಹೋಗುವವಳು, ಅವರ ಮಗನನ್ನು ಎತ್ತಿ ಆಡಿಸಿದವಳು. ಗೌಡರ ಮುಖ ಅಲ್ಲಿಗೆ ಬದಲಾಯಿತು. "ಅವನಿಗೆ ಹೇಳ್ತೀನಿ ಬಿಡ್ರಿ" ಅಂದರು. ಹೇಳುವುದು ಬೇಡ ಗೌಡ್ರೇ, ಹುಡುಗರಿಗೆ ಬೇಡ ಅಂದರೆ ಕದ್ದು ಮಾಡುತ್ತಾರೆ, ಅದು ಇನ್ನೂ ಅಪಾಯ, ಅಂದೆ. ನಿಮ್ಮ ಹೊಲದ ಮೂಲೆಯಲ್ಲಿ ಜೆಸಿಬಿಯಿಂದ ತೆಗೆಸಿದ ಮಣ್ಣು ಬಿದ್ದಿದೆಯಲ್ಲ, ಅದನ್ನು ಆಳೆತ್ತರಕ್ಕೆ ಒಟ್ಟಿಸಿ, ಬಾಟಲಿ ಅದರ ಬುಡದಲ್ಲಿ ಇಡಲಿ. ಗಾಜು ಬೇಡ, ನಾಳೆ ಎತ್ತಿನ ಕಾಲಿಗೂ ಚುಚ್ಚುತ್ತದೆ, ಡಬ್ಬಿ ಇಡಲಿ. ನಾವು ಆಳು ಇಟ್ಟ ದಿನ ಒಂದು ಫೋನ್ ಮಾಡುತ್ತೇನೆ, ಅವತ್ತು ಗನ್ನು ಹೊರಗೆ ಬರುವುದು ಬೇಡ.

ಇದೇನೂ ನಾನು ಕಂಡುಹಿಡಿದದ್ದಲ್ಲ. ನಮ್ಮ ಕಾಲದ ಎನ್‌ಸಿಸಿ ಫೈರಿಂಗಿನಲ್ಲಿ ಹತ್ತಿರದಿಂದ ಕಂಡದ್ದು: ಇಪ್ಪತ್ತೈದು ಮೀಟರ್ ದೂರದ ಗುರಿ, ಅದರ ಬೆನ್ನಿಗೆ ದೊಡ್ಡ ಮಣ್ಣಿನ ದಿಬ್ಬ, ಹೊಡೆಯುವಷ್ಟು ಹೊತ್ತು ಮೇಲೆ ಹಾರುವ ಕೆಂಪು ಬಾವುಟ. ಬಾವುಟ ಇಳಿಯದೆ ಯಾರೂ ಮುಂದೆ ಕಾಲಿಡುವ ಹಾಗಿಲ್ಲ. ಇಡೀ ವಿದ್ಯೆ ಇಷ್ಟೇ, ಮಿಕ್ಕದ್ದೆಲ್ಲ ಕೈಯ ನಡುಕ. ನಮ್ಮ ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು. ಗುರಿಯಿಡುವ ಹುಚ್ಚು ಇರುವ ಹುಡುಗ, ಹುಡುಗಿ ಮನೆಯಲ್ಲಿದ್ದರೆ ಅಲ್ಲಿಗೆ ಕಳಿಸಿ. ಹುಚ್ಚು ಕೆಟ್ಟದ್ದಲ್ಲ, ಅದಕ್ಕೊಂದು ಜಾಗ ಬೇಕು.

ದಿಬ್ಬ ಆಯಿತು. ಯುಗಾದಿಯ ಹೊತ್ತಿಗೆ ಹುಡುಗ ಅದರ ಬುಡಕ್ಕೆ ಡಬ್ಬಿ ಇಟ್ಟು ಹೊಡೆಯುತ್ತಿದ್ದ. ದಾರಿಯಲ್ಲಿ ಸಿಕ್ಕಾಗ "ಅಂಕಲ್" ಹೋಗಿ "ಸರ್" ಆಗಿದ್ದೆ. ನಾಟಕ ಆಗಿದ್ದರೆ ಇಲ್ಲಿ ಪರದೆ ಬೀಳಬೇಕಿತ್ತು.

ನವೆಂಬರಿನಲ್ಲಿ ಕೊಯ್ಲು. ಗೌಡರ ಮನೆಗೆ ನೆಂಟರು ಬಂದಿದ್ದರು, ಬಾಡೂಟ. ನೆಂಟರಲ್ಲಿ ಒಬ್ಬರ ಕಾರಿನಲ್ಲಿ ಹನ್ನೆರಡು ಬೋರಿನ ಜೋಡುನಳಿಗೆ ಇತ್ತು. ಸಂಜೆ ಐದೂವರೆ ಇರಬೇಕು. ಮೆಕ್ಕೆಜೋಳಕ್ಕೆ ಹಂದಿ ಬೀಳುತ್ತಿದೆ ಅನ್ನುವ ಮಾತು ಬಂತಂತೆ, ಮಾತಿಗೆ ಗ್ಲಾಸು ಸೇರಿತಂತೆ, ಕೊನೆಗೆ ಹಂದಿಯ ಬದಲು ಬದುವಿನ ಮೇಲಿನ ಪ್ಲಾಸ್ಟಿಕ್ ಕ್ಯಾನು ಗುರಿಯಾಯಿತಂತೆ. ಈ ಅಂತೆಗಳೆಲ್ಲ ಆಮೇಲೆ ಕೇಳಿದ್ದು. ನಾನು ಕೇಳಿದ್ದು ಎರಡು ಸದ್ದು. ಏರ್‌ಗನ್ನಿನ ಟಪ್ ಅಲ್ಲ, ಎದೆಗೆ ಬಡಿಯುವ ಢಮ್. ಮೋಟಾರು ಆಫ್ ಮಾಡಿ ಪಂಪ್‌ಸೆಟ್ ಮನೆಯಿಂದ ಹೊರಬಂದು ಹತ್ತು ನಿಮಿಷ ಆಗಿತ್ತು. ತಗಡಿನ ಮೇಲೆ ಯಾರೋ ಕಲ್ಲು ಎಸೆದ ಹಾಗಾಯಿತು. ತಗಡಿನಲ್ಲಿ ಎರಡು ತೂತು, ದಪ್ಪ ಚರೆಯದು. ಮಣ್ಣಿನ ದಿಬ್ಬ ಮೂಲೆಯಲ್ಲಿ ತನ್ನ ಪಾಡಿಗೆ ನಿಂತಿತ್ತು. ಅದರ ವಿಷಯ ನೆಂಟರಿಗೆ ಯಾರೂ ಹೇಳಿರಲಿಲ್ಲ.

ಈ ಸಲ ಓಡಲಿಲ್ಲ, ಕೂಗಲಿಲ್ಲ. ಬದುವಿನ ಕೆಳಗೆ ಕೂತು 112ಕ್ಕೆ ಫೋನು ಮಾಡಿದೆ. ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಗಂಟೆ ಎಷ್ಟು, ಎಷ್ಟು ಸದ್ದು, ಯಾವ ದಿಕ್ಕು, ಹೊಲದಲ್ಲಿ ಯಾರಿದ್ದರು ಅಂತ ಮೊಬೈಲಿನಲ್ಲಿ ಅಲ್ಲೇ ಬರೆದುಕೊಂಡೆ. ತೂತಿನ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆದೆ. ಒಳಗೆ ಬಿದ್ದಿದ್ದ ಚರೆಯನ್ನು ಮುಟ್ಟಲಿಲ್ಲ, ಪೊಲೀಸರೇ ಎತ್ತಿಕೊಂಡರು. ಮರುದಿನ ಬರಹದಲ್ಲಿ ದೂರು, ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ. ಬಂದೂಕಿನ ಲೈಸನ್ಸ್ ಕೊಡುವವರು ಅವರು, ಸಾರ್ವಜನಿಕರ ಸುರಕ್ಷತೆಗೆ ಧಕ್ಕೆ ಅನಿಸಿದರೆ ಆಯುಧ ಕಾಯ್ದೆಯ 17ನೇ ಕಲಮಿನಂತೆ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವೂ ಅವರದೇ. 2019ರ ತಿದ್ದುಪಡಿ ಬಂದ ಮೇಲೆ ಬೇಕಾಬಿಟ್ಟಿಯಾಗಿ ಬಂದೂಕು ಬಳಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ, ಸಂಭ್ರಮಕ್ಕೆಂದು ಹಾರಿಸಿದರೂ ಸರಿಯೇ, ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಲೈಸನ್ಸ್ ಇದೆ ಅನ್ನುವುದು ಇಲ್ಲಿ ಉತ್ತರವಲ್ಲ. ಗುಂಡು ಯಾರಿಗೂ ತಗುಲಬೇಕೆಂದೂ ಇಲ್ಲ, ಅಪಾಯ ತಂದರೆ ಸಾಕು. ಏರ್‌ಗನ್ನಿನಂಥದಕ್ಕೂ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮು ಇದೆ, ಅಜಾಗರೂಕತೆಯಿಂದ ಇನ್ನೊಬ್ಬರ ಜೀವಕ್ಕೆ, ಮೈಗೆ ಅಪಾಯ ತರುವುದಕ್ಕೆ.

ಸಂಭ್ರಮದ ಗುಂಡು ಉತ್ತರ ಭಾರತದ ಮದುವೆಗಳ ಚಾಳಿ ಅಂತ ನಾವು ಮೂಗು ಮುರಿಯುತ್ತೇವೆ. 2021ರ ಆಗಸ್ಟಿನಲ್ಲಿ ನಮ್ಮದೇ ಯಾದಗಿರಿ ಜಿಲ್ಲೆಯ ಯರಗೋಳದಲ್ಲಿ ಕೇಂದ್ರ ಮಂತ್ರಿಯೊಬ್ಬರ ಸ್ವಾಗತಕ್ಕೆ ನಾಡಬಂದೂಕು ಹಾರಿಸಿದವರ ಮೇಲೆ ಪ್ರಕರಣ ದಾಖಲಾಯಿತು. ಆಕಾಶಕ್ಕೆ ಹೊಡೆದದ್ದು ಆಕಾಶದಲ್ಲೇ ಉಳಿಯುತ್ತದೆಯೇ? ರೈಫಲಿನ ಗುಂಡು ಇಳಿಯುವಾಗ ಸೆಕೆಂಡಿಗೆ 60 ಮೀಟರಿಗೂ ಹೆಚ್ಚು ವೇಗದಲ್ಲಿ ಬರುತ್ತದೆ, ಚರ್ಮ ಸೀಳಲು ಅಷ್ಟು ಸಾಕು.

ಬಂದೂಕಿನ ಮಾತಿನ ನಡುವೆ ಬಂದೂಕಿಲ್ಲದ ಮಾತೊಂದು. ಹಂದಿಗೆಂದು ತಿನಿಸಿನಲ್ಲಿ ಹುದುಗಿಸಿಡುವ ಸಿಡಿಮದ್ದನ್ನು ಮೇಯಲು ಹೋದ ಹಸು ಕಚ್ಚಿ ದವಡೆ ಛಿದ್ರವಾದ ಸುದ್ದಿ ವರ್ಷಕ್ಕೆ ಒಂದೆರಡಾದರೂ ಬರುತ್ತದೆ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗರ್ಭಿಣಿ ಆನೆಯೊಂದು ಹಾಗೆಯೇ ಸತ್ತಾಗ ದೇಶವೆಲ್ಲ ಮರುಗಿತು. ಇನ್ನು ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಕೋತಿ, ಹಕ್ಕಿ ಓಡಿಸುವ ಢಮಾರ್ ಕೋವಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದನ್ನು ಪಟಾಕಿಯಂತೆ ಆಡಿ ಕಣ್ಣು ಕೆಡಿಸಿಕೊಂಡ ಮಕ್ಕಳು ಆಸ್ಪತ್ರೆ ತುಂಬಿದರು. ಹೊಲಕ್ಕೆ ತಂದದ್ದು ಮಕ್ಕಳ ಕೈಗೆ ಸಿಗುವುದು ನಾವು ಊಟಕ್ಕೆ ಹೋದ ಹೊತ್ತಿನಲ್ಲೇ.

ಜೋಡುನಳಿಗೆ ಠಾಣೆ ಸೇರಿತು. ನೆಂಟರು ತಮ್ಮ ಲೈಸನ್ಸಿನ ಗೋಳು ತಾವು ನೋಡಿಕೊಂಡರು, ನಾನು ಬೆನ್ನು ಹತ್ತಲಿಲ್ಲ. ಆದರೆ ಊರಲ್ಲಿ ಒಂದು ದೂರಿಗೆ ಬೇರೆಯೇ ಫೀಸು ಇದೆ. ಗೌಡರ ಮನೆಯಿಂದ ಮಜ್ಜಿಗೆ ಬರುವುದು ನಿಂತಿತು. ಅವರ ಮನೆಯ ಮದುವೆಯ ಕರೆಯೋಲೆ ನನಗೆ ಕ್ಷೌರದಂಗಡಿಯಲ್ಲಿ ಯಾರದೋ ಕೈಯಿಂದ ಸಿಕ್ಕಿತು. ನಮ್ಮ ಗದ್ದೆಯ ತೂಬು ಎರಡು ಸಲ ರಾತ್ರಿ ತಾನಾಗಿ ಮುಚ್ಚಿಕೊಂಡಿತು. ನೀರುಗಂಟಿ ನಮ್ಮಿಬ್ಬರ ನಡುವೆ ಓಡಾಡಿ ಸುಸ್ತಾದ. ದೂರು ಕೊಟ್ಟದ್ದು ತಪ್ಪೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಕೊಟ್ಟ ಮೇಲೆ ನಿದ್ದೆ ಬಂದಿತೆಂದೂ ಹೇಳಲಾರೆ. ಮಾತಿನಲ್ಲಿ ಮುಗಿದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಮೊದಲ ಸಲ ಮಾತಿನಲ್ಲೇ ಮುಗಿಸಿದ್ದೆನಲ್ಲ, ಅದಕ್ಕೇ ಎರಡನೇ ಸಲ ಠಾಣೆಯ ಮೆಟ್ಟಿಲು ಹತ್ತುವಾಗ ಕಾಲು ಹಿಂಜರಿಯಲಿಲ್ಲ.

ಈಚೆಗೆ ಚಾನಲ್ ಏರಿಯ ಮೇಲೆ ಗೌಡರು ಎದುರಾದರು. ಇಬ್ಬರೂ ಪಕ್ಕಕ್ಕೆ ಸರಿಯಲಾಗದಷ್ಟು ಸಣ್ಣ ದಾರಿ.

"ಠಾಣೆಗೆ ಹೋಗಬಾರದಿತ್ತು ಮೇಷ್ಟ್ರೇ ನೀವು."

"ಗುಂಡು ನಮ್ಮ ಪಂಪ್‌ಸೆಟ್ ಮನೆಗೆ ಬರಬಾರದಿತ್ತು ಗೌಡ್ರೇ."

ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತರು. ಆಮೇಲೆ ಕೇಳಿದರು: "ಇವತ್ತು ರಾತ್ರಿ ಪಾಳಿ ಯಾರದು?"

"ಹತ್ತರವರೆಗೆ ನಂದು, ಆಮೇಲೆ ನಿಮ್ಮದು."

"ಹುಡುಗನ್ನ ಕಳಿಸ್ತೀನಿ. ತೂಬು ಅವನಿಗೆ ತೋರಿಸಿ ಹೋಗ್ರಿ, ಕತ್ತಲಾಗೆ ಗೊತ್ತಾಗಲ್ಲ ಅವನಿಗೆ."

ಹುಡುಗ ಬಂದ. ಟಾರ್ಚು ತಂದಿದ್ದ. ತೂಬು ತೋರಿಸಿದೆ, ಪಂಪ್‌ಸೆಟ್ ಮನೆಯ ಒಳಗೆ ಬಂದು ಸ್ವಿಚ್ಚು ಎಲ್ಲಿದೆ ನೋಡಿಕೊಂಡ. ಟಾರ್ಚಿನ ಬೆಳಕು ತಗಡಿನ ಮೇಲೆ ಹೋಗಿ ನಿಂತಿತು, ಅಲ್ಲಿಂದ ನನ್ನ ಮುಖಕ್ಕೆ ಬರಲಿಲ್ಲ. ಎರಡು ತೂತುಗಳಲ್ಲಿ ಒಂದು ನನ್ನ ಭುಜದ ಮಟ್ಟಕ್ಕಿದೆ. ಬೆಳಿಗ್ಗೆ ಏಳೂವರೆಗೆ ಅದರಿಂದ ಬಿಸಿಲಿನ ಒಂದು ಬಿಲ್ಲೆ ಸ್ಟಾರ್ಟರ್ ಡಬ್ಬಿಯ ಹಸಿರು ಗುಂಡಿಯ ಹತ್ತಿರ ಬೀಳುತ್ತದೆ, ಎಂಟರ ಹೊತ್ತಿಗೆ ಕೆಳಗಿಳಿದು ಹೋಗುತ್ತದೆ. ಮಳೆ ನೀರು ಒಳಗೆ ಬರುತ್ತದೆ, ಮುಚ್ಚಿಸಿ ಅಂತ ಮನೆಯಾಕೆ ಹೇಳುತ್ತಲೇ ಇದ್ದಾಳೆ. ಎಂ-ಸೀಲ್ ತಂದು ಕಿಟಕಿಯಲ್ಲಿ ಇಟ್ಟಿದ್ದೇನೆ.